ಕಿವಿಯಣ್ಣ ಕೊಟ್ಟ ಎರಡು ಸ್ಟಾರ್

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಈಗ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ. ಕಂಡವರಿಗೆಲ್ಲ ಅವನು ಕಿವಿಯಣ್ಣ. ಒಂಬೈನೂರು ಸೀಟಿನ ಚಿತ್ರಮಂದಿರದಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನು, ಅಂದರೆ ಮೇಲಿನ ಕೋಣೆಯಲ್ಲಿ ನಿಂತು ಸಿನಿಮಾ ಓಡಿಸುತ್ತಿದ್ದವನು. ಎಂದಾದರೊಮ್ಮೆ ಯಂತ್ರವನ್ನು ಜೊತೆಯವನಿಗೆ ಒಪ್ಪಿಸಿ ಕೆಳಗಿಳಿದು, ಬಾಗಿಲ ಹೊರಗೆ ಟೀ ಕುಡಿಯುತ್ತ ನಿಲ್ಲುವನು. ಒಳಗಿನ ಸದ್ದು ಮುಚ್ಚಿದ ಬಾಗಿಲಾಚೆ ಗುಂಯ್‌ಗುಡುತ್ತಿರುವಾಗಲೇ ಲೋಟ ಕೆಳಗಿಟ್ಟು, "ಬಲಗೋಡೆ ಮೂರನೇ ಸ್ಪೀಕರಿನೊಳಗಿನ ಪೇಪರ್ ಹರಿದಿದೆ" ಎನ್ನುವನು. ಏಣಿ ಹಾಕಿ ನೋಡಿದರೆ ಹರಿದಿರುತ್ತಿತ್ತು! ಗೇಟಿನಲ್ಲಿ ಟಿಕೆಟ್ ಹರಿಯುವವನು ಇಟ್ಟ ಅಡ್ಡಹೆಸರು ಅದು, ಮೈಗೆ ಅಂಟಿಕೊಂಡು ಉಳಿಯಿತು.

ಮದುವೆಯ ಮಾತು ಬಂದಿತ್ತು, ಬರದೆ ಏನು? ಎರಡು ಕಡೆ ಹೆಣ್ಣೂ ನೋಡಿ ಬಂದ. ಸಂಜೆ ಆರಕ್ಕೆ ಬಾಗಿಲು ದಾಟಿದರೆ ಎರಡನೇ ಆಟ ಮುಗಿಯುವವರೆಗೆ ಮನೆ ಕಡೆ ತಲೆ ಹಾಕದ ಗಂಡು ಯಾರಿಗೆ ಬೇಕು? "ಭಾನುವಾರವಾದರೂ ರಜೆ ಇರುತ್ತಾ?" ಎಂದು ಹುಡುಗಿಯ ತಾಯಿ ಕೇಳಿದ್ದಕ್ಕೆ, "ಭಾನುವಾರ ಐದು ಆಟ" ಎಂದು ಹೆಮ್ಮೆಯಿಂದ ಹೇಳಿ ಎದ್ದು ಬಂದಿದ್ದ ಮಹಾನುಭಾವ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ತನ್ನವರು ಅಂತ ಉಳಿದವಳು ಒಬ್ಬಳೇ ತಂಗಿ, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಂಡನನ್ನು ಕಳೆದುಕೊಂಡಿದ್ದಳು, ಮಕ್ಕಳಿಲ್ಲ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವಳ ಫೋನ್ ಬರುತ್ತಿತ್ತು.

ಚಿತ್ರಮಂದಿರ ಮುಚ್ಚಿ ಮಂಚ, ಕಪಾಟುಗಳ ಗೋದಾಮಾಯಿತು. ಹೊರಡುವ ದಿನ ಏನು ಬೇಕೋ ತಗೊಂಡು ಹೋಗು ಎಂದರು ಮಾಲೀಕರು. ಇವನು ಒಂದು ಸೀಟು ಕೇಳಿದ. ಹತ್ತನೇ ಸಾಲಿನ ಹದಿನಾಲ್ಕನೆಯದು. ಇಡೀ ಮಂದಿರದಲ್ಲಿ ಎಲ್ಲ ಸ್ಪೀಕರಿನ ಸದ್ದೂ ಒಂದೇ ಹದಕ್ಕೆ ಬಂದು ಸೇರುವ ಜಾಗ ಅದು. ಆದರೆ ಹದಿಮೂರು ಮತ್ತು ಹದಿನಾಲ್ಕರ ನಡುವೆ ಕಬ್ಬಿಣದ ಕಾಲು ಒಂದೇ. ಒಂದನ್ನು ಬಿಡಿಸಿದರೆ ಇನ್ನೊಂದು ನಿಲ್ಲುವುದಿಲ್ಲ. ಹೀಗಾಗಿ ಜೋಡಿ ಸೀಟು ಅವನ ಮನೆಗೆ ಬಂತು, ಹಲಗೆಯ ಮೇಲೆ ಬೋಲ್ಟು ಹಾಕಿಸಿಕೊಂಡು ಕೂತಿತು. ಅಳತೆ ಪಟ್ಟಿ ಹಿಡಿದು, ಹದಿನಾಲ್ಕು ಸರಿಯಾಗಿ ಕೋಣೆಯ ನಡುವೆ ಬರುವಂತೆ ಎಳೆದಿಟ್ಟ. ಅವನ ಎಡಕ್ಕೆ ಹದಿಮೂರು. ಕೂರುವವರಿಲ್ಲದಾಗ ಸ್ಪ್ರಿಂಗಿನ ಬಲಕ್ಕೆ ತಾನೇ ಮಡಚಿಕೊಳ್ಳುವ ಸೀಟು ಅದು. ನಾಲ್ಕು ವರ್ಷದಿಂದ ಮಡಚಿಕೊಂಡೇ ಇತ್ತು.

ಎದುರಿಗೆ ಟೀವಿ, ಟೀವಿಯ ಕೆಳಗೆ ರಿಸೀವರ್. ಮಾಮೂಲಿ ರೇಡಿಯೋ ಅಂದುಕೊಳ್ಳಬೇಡಿ. ಸಿನಿಮಾದ ಸದ್ದನ್ನು ಪಾಲು ಮಾಡಿ, ಇಷ್ಟು ಮುಂದಿನ ಸ್ಪೀಕರಿಗೆ, ಇಷ್ಟು ಪಕ್ಕದ್ದಕ್ಕೆ, ಇಷ್ಟು ಹಿಂದಿನದಕ್ಕೆ ಎಂದು ಹಂಚಿಕೊಡುವ ಕಪ್ಪು ಪೆಟ್ಟಿಗೆ. ಹನ್ನೊಂದು ಕಿಲೋ ತೂಕ. ನಾಲ್ಕು ಗೋಡೆಗೆ ಏಳು ಸ್ಪೀಕರ್ ಹಾಕಿಸಿ, ಮೊದಲ ದಿನ ಹದಿನಾಲ್ಕರಲ್ಲಿ ಕೂತು ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಯಾರಿಗೆ ಹೇಳುವುದು? ಕೊಂಡ ಅಂಗಡಿಯ ವೆಬ್‌ಸೈಟಿನಲ್ಲಿ 'ಮಾಲೀಕರ ಅಭಿಪ್ರಾಯ' ಎಂಬ ಜಾಗವಿತ್ತು. ಅಲ್ಲಿ ಬರೆದ. ಒಂದು ಬೆರಳಲ್ಲಿ ಕುಟ್ಟುತ್ತ ಎರಡು ದಿನ ಬರೆದ. ಐದಕ್ಕೆ ಐದು ಸ್ಟಾರ್ ಕೊಟ್ಟ.

ಆಮೇಲೆ ನೋಡಿ ಮಜಾ. ಅಭಿಪ್ರಾಯದ ಕೆಳಗೆ ಪ್ರಶ್ನೆಗಳು ಬರತೊಡಗಿದವು. ಸೋಫಾ ಗೋಡೆಗೆ ಒರಗಿದ್ದರೆ ಹಿಂದಿನ ಸ್ಪೀಕರ್ ಎಲ್ಲಿಡಲಿ ಅಣ್ಣಾ? ಮಾತು ಮೆಲ್ಲಗೆ, ಬಾಂಬು ಜೋರು, ಏನು ಮಾಡಲಿ ಅಣ್ಣಾ? ಒಂದನ್ನೂ ಬಿಡದೆ ಉತ್ತರಿಸಿದ. 'ಬೇಸ್ ಭಕ್ತ' ಅಂತ ಒಬ್ಬ, ಮನೆಯ ಗಾಜು ನಡುಗದಿದ್ದರೆ ಅವನಿಗೆ ಸಿನಿಮಾವೇ ಅಲ್ಲ. 'ಮೂರನೇ ಮಹಡಿ' ಅಂತ ಇನ್ನೊಬ್ಬ, ಕೆಳಗಿನ ಮನೆಯವರಿಗೆ ಹೆದರಿ ಪಿಸುದನಿಯಲ್ಲೇ ಯುದ್ಧದ ಚಿತ್ರ ನೋಡುವವನು. ಒಬ್ಬ ಹಲ್ಲಿನ ಡಾಕ್ಟರು. ಇವರೆಲ್ಲರಿಗೂ ಕಿವಿಯಣ್ಣನ ಮಾತೇ ಕೊನೆಯ ಮಾತು. ಬೆಳಿಗ್ಗೆ ಎದ್ದವನು ಹಲ್ಲುಜ್ಜುವ ಮುಂಚೆ ಆ ಪುಟ ತೆರೆಯುತ್ತಿದ್ದ. ಪ್ರಶ್ನೆ ಬಂದಿಲ್ಲದ ದಿನ ಟೀ ರುಚಿಸುತ್ತಿರಲಿಲ್ಲ. ಏಕೆಂದರೆ ಪ್ರಶ್ನೆ ಬಾರದ ದಿನ ಅವನ ಜೊತೆ ಮಾತಾಡುವವರು ಲೋಕದಲ್ಲಿ ಯಾರೂ ಇರುತ್ತಿರಲಿಲ್ಲ.

ಅವನು ಎಲ್ಲರಿಗೂ ಕಲಿಸಿದ ಪಾಠ ಒಂದೇ. ಅದು ಆಪರೇಟರ್ ಕೋಣೆಯಲ್ಲಿ ಕಲಿತದ್ದು. "ಒಂದು ಕಡೆ ಸದ್ದು ಕಮ್ಮಿ ಅನ್ನಿಸಿದರೆ ಬೊಬ್ಬೆ ಹಾಕಬೇಡಿ. ಮೊದಲು ಅದಲುಬದಲು ಮಾಡಿ, ಆಮೇಲೆ ಮಾತಾಡಿ. ಪೆಟ್ಟಿಗೆಯ ಹಿಂದೆ ಎಡದ ತಂತಿ ಬಲಕ್ಕೆ ಹಾಕಿ, ಬಲದ್ದು ಎಡಕ್ಕೆ. ಕಾಯಿಲೆ ಆಚೆಗೆ ಹೋದರೆ ಪೆಟ್ಟಿಗೆಯ ತಪ್ಪು. ಹೋಗದಿದ್ದರೆ ಸ್ಪೀಕರುಗಳನ್ನೇ ಅದಲುಬದಲು ಮಾಡಿ. ಈಗ ಆಚೆಗೆ ಹೋದರೆ ಸ್ಪೀಕರಿನ ತಪ್ಪು." ಇದನ್ನು ಎಷ್ಟು ಜನಕ್ಕೆ ಬರೆದಿದ್ದನೋ ಲೆಕ್ಕವಿಲ್ಲ.

ಎಂಟು ತಿಂಗಳ ಹಿಂದೆ ಅವನದೇ ಎಡಗೋಡೆಯ ಸ್ಪೀಕರ್ ಸೊರಗಿತು. ಚಿತ್ರದಲ್ಲಿ ಹಕ್ಕಿಯ ಹಿಂಡು ಬಲದಿಂದ ಎಡಕ್ಕೆ ಹಾರಿದರೆ ಅರ್ಧ ದಾರಿಯಲ್ಲೇ ಮಾಯವಾಗುತ್ತಿತ್ತು. ಅಂಗಡಿಗೆ ದೂರು ಕೊಟ್ಟ. ರಿಪೇರಿಯವನು ಬಂದ. ನಲವತ್ತೈದರ ಆಸುಪಾಸಿನ ಮೆದು ಮಾತಿನ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು. ಸದ್ದು ಅಳೆಯುವ ಮೀಟರ್ ಹಿಡಿದು ನೋಡಿ, "ಎಡಕ್ಕೂ ಎಪ್ಪತ್ತೈದು, ಬಲಕ್ಕೂ ಎಪ್ಪತ್ತೈದು ಸಾರ್, ಏನೂ ತೊಂದ್ರೆ ಇಲ್ಲ" ಎಂದ.

"ಮೀಟರಿಗೆ ಕಿವಿ ಇದೆಯೇನ್ರೀ?" ಎಂದ ಕಿವಿಯಣ್ಣ.

ಎರಡನೇ ಸಲ ಬಂದವನು ರಿಸೀವರಿನ ಒಳಗಿನ ಅಂಕಿಗಳನ್ನು ತೆರೆದು, "ಸಾರ್, ಎಡಗಡೇದನ್ನ ನೀವೇ ಆರು ಪಾಯಿಂಟ್ ಏರಿಸಿಟ್ಟಿದ್ದೀರಿ. ಈಗ ನಿಜ ಹೇಳಬೇಕಂದ್ರೆ ಎಡಗಡೇದೇ ಜೋರು" ಎಂದ.

"ಏರಿಸಿದ್ರೂ ಬರ್ತಿಲ್ಲ ಅಂತ ತಾನೇ ನಿಮ್ಮನ್ನ ಕರೆಸಿರೋದು?"

ಮೂರನೇ ಸಲ ಅವನು ಪೆಟ್ಟಿಗೆ ಬಿಚ್ಚಿ, ಧೂಳು ಕೊಡವಿ, ಮುಚ್ಚಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡ. ಆಮೇಲೆ ಬಹಳ ಮೆಲ್ಲಗೆ ಕೇಳಿದ: "ಮನೇಲಿ ಬೇರೆ ಯಾರಾದ್ರೂ ಇದ್ರೆ ಅವರಿಗೊಂದ್ಸಲ ಕೇಳಿಸಿ ನೋಡಿ ಸಾರ್. ಅವರೇನಂತಾರೆ?"

ಅಷ್ಟೇ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅವನು ಒಳ್ಳೆಯದಕ್ಕೇ ಹೇಳಿದ್ದು. ಇವನಿಗೆ ಚುಚ್ಚಿದ್ದು ಬೇರೆ ಜಾಗಕ್ಕೆ. ಮನೇಲಿ ಬೇರೆ ಯಾರು? ಮಡಚಿಕೊಂಡ ಹದಿಮೂರನೇ ಸೀಟನ್ನು ಕೇಳಬೇಕೇ? ರಿಪೇರಿಯವನನ್ನು ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ, ಅವನು ಬೀದಿ ದಾಟುವ ಮುಂಚೆ ಬಾಗಿಲು ಹಾಕಿಕೊಂಡು ಹಳೆಯ ಅಭಿಪ್ರಾಯ ತೆರೆದ. ಬರೆದ:

"ಹಿಂದೆ ಐದು ಸ್ಟಾರ್ ಕೊಟ್ಟಿದ್ದೆ. ಮೂರನ್ನು ವಾಪಸ್ ತಗೊಂಡಿದ್ದೇನೆ. ಈ ರಿಸೀವರಿನ ಎಡ ಪಕ್ಕದ ಚಾನೆಲ್ ನಾಲ್ಕು ವರ್ಷಕ್ಕೆ ಸೊರಗುತ್ತದೆ. ಮೂರು ಸಲ ಬಂದ ರಿಪೇರಿಯವನಿಗೆ ಕಣ್ಣಿದೆ, ಮೀಟರಿದೆ, ಕಿವಿ ಮಾತ್ರ ಇಲ್ಲ. ಇದು ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವನ ಮಾತು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆ ಇರುತ್ತಾರೆ. ಸಂಜೆಯೊಳಗೆ ಬೇಸ್ ಭಕ್ತ ಬರೆದ: "ಅಣ್ಣ ಹೇಳಿದ ಮೇಲೆ ಗಮನಿಸಿದೆ, ನನ್ನದೂ ಎಡಗಡೆ ಸೊರಗಿದೆ." ಮೂರನೇ ಮಹಡಿಯವನದೂ ಸೊರಗಿತು, ಪಿಸುದನಿಯಲ್ಲಿ ಅದು ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಹಲ್ಲಿನ ಡಾಕ್ಟರಿಗೆ ಮೊದಲಿಂದಲೂ ಸಂಶಯವಿತ್ತಂತೆ. ಇನ್ನೊಬ್ಬ ಪುಣ್ಯಾತ್ಮ, "ನಾನಿನ್ನೂ ಕೊಂಡಿಲ್ಲ, ಆದರೂ ಎರಡು ಸ್ಟಾರ್" ಎಂದು ಬರೆದು ಹೋದ. ವಾರದಲ್ಲಿ ಮೂರು ಪೆಟ್ಟಿಗೆ ಅಂಗಡಿಗೆ ವಾಪಸ್ ಬಂದವು. ನಮ್ಮ ಕಿವಿಯಣ್ಣನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅದೇ ದಿನಗಳಲ್ಲಿ ತಂಗಿಯ ಫೋನೂ ಕೆಟ್ಟಿತ್ತು. ಹಾಗಂತ ಅವನ ತೀರ್ಮಾನ. "ಏನೇ ಇದು, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತೆ, ಬೇರೆ ಫೋನ್ ತಗೋ" ಎಂದು ಗದರಿದ. ಪಾಪ, ಅವಳು ಹೊಸದು ಕೊಂಡಳು. ಅದೂ ಸರಿಯಿಲ್ಲ ಎಂದ. ಅವಳು ಕೂಗಿ ಮಾತಾಡಲು ಶುರು ಮಾಡಿದಳು. ಕೂಗಿದರೆ ಸದ್ದು ಒಡೆದು ಏನೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದಾಗ "ಹ್ಞೂಂ, ಸರಿ ಸರಿ" ಎನ್ನುತ್ತ ದಾಟಿಸಿಬಿಡುವುದು ಅವನಿಗೆ ಅಭ್ಯಾಸವಾಯಿತು. ಒಂದು ಭಾನುವಾರವಂತೂ ಅವಳು ಬಹಳ ಹೊತ್ತು ಏನೋ ಹೇಳುತ್ತಲೇ ಇದ್ದಳು. ಇವನಿಗೆ ಒಂದು ಮಾತೂ ಕೈಗೆ ಸಿಗಲಿಲ್ಲ. "ಒಳ್ಳೇದಾಯ್ತು ಬಿಡು, ಸಂತೋಷ. ಇಡ್ಲಾ? ಸಿನಿಮಾ ಇದೆ" ಎಂದು ಇಟ್ಟ. ಮುಂದಿನ ಭಾನುವಾರ ಅವಳ ಫೋನ್ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡ.

ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ರಿಪೇರಿಯವನು. ಕೈಯಲ್ಲಿ ಚೀಲವಿಲ್ಲ, ಜೇಬಿನಲ್ಲಿ ಪೆನ್ನುಗಳಿಲ್ಲ.

"ನಾನ್ಯಾರನ್ನೂ ಕರೆಸಿಲ್ಲವಲ್ಲ" ಎಂದ ಕಿವಿಯಣ್ಣ ಬಾಗಿಲಲ್ಲೇ ನಿಂತು.

"ಇಲ್ಲ ಸಾರ್, ನಾನೇ ಬಂದೆ. ಅಂಗಡಿಯವರು ನನ್ನನ್ನ ಗೋದಾಮಿಗೆ ಹಾಕಿದ್ದಾರೆ. ಡಬ್ಬ ಎತ್ತೋದು, ಜೋಡಿಸೋದು. ಹದಿನೆಂಟು ವರ್ಷ ರಿಪೇರಿ ಮಾಡಿದ್ದೀನಿ ಸಾರ್. ನಿಮ್ಮ ಅಭಿಪ್ರಾಯ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಾರೆ."

ಕಿವಿಯಣ್ಣ ಬಾಗಿಲ ಚಿಲಕದ ಮೇಲಿಂದ ಕೈ ತೆಗೆಯಲಿಲ್ಲ.

"ರಿಸೀವರಿಗೆ ಎರಡಲ್ಲ, ಒಂದೇ ಸ್ಟಾರ್ ಕೊಡಿ, ನನಗೇನೂ ಇಲ್ಲ. ಆ ಕಿವಿ ಇಲ್ಲ ಅನ್ನೋ ಸಾಲೊಂದು ತೆಗೆದುಬಿಡಿ ಸಾರ್. ಎಲ್ರೂ ನಿಮ್ಮ ಮಾತನ್ನೇ ನಂಬ್ತಾರೆ."

"ಇದ್ದಿದ್ದನ್ನ ಬರೆದಿದ್ದೀನಿ. ಬರೆದದ್ದು ಬರೆದಾಯ್ತು."

"ಆಯ್ತು ಸಾರ್" ಎಂದು ಅವನು ಮೆಟ್ಟಿಲಿಳಿದು ಹೋದ. ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ಉತ್ತರ ಕೊಡಬಹುದು, ಆ 'ಆಯ್ತು ಸಾರ್'ಗೆ ಏನು ಕೊಡುವುದು? ಕಿವಿಯಣ್ಣ ಆ ದಿನ ಸಿನಿಮಾ ಹಾಕಲಿಲ್ಲ.

ಮಾರನೇ ಬೆಳಿಗ್ಗೆ ಅಭಿಪ್ರಾಯದ ಕೆಳಗೆ ಒಬ್ಬ ನರ್ಸಮ್ಮನ ಪ್ರಶ್ನೆ ಕೂತಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಮನೆಗೆ ಬಂದು ಹಾಸ್ಯಚಿತ್ರ ನೋಡುವ, ರಿಸೀವರಿನ ಹೊಸ ಮಾಲಕಿ. "ನಮಸ್ಕಾರ ಅಣ್ಣ. ನನಗೆ ಇದೇ ತೊಂದರೆ ಬಂದಾಗ, ಮೊದಲು ಅದಲುಬದಲು ಮಾಡು, ಆಮೇಲೆ ಮಾತಾಡು ಅಂದಿದ್ದಿರಿ. ಮಾಡಿದೆ. ತಂತಿ ಸಡಿಲವಾಗಿತ್ತು, ಸರಿಹೋಯ್ತು, ನಿಮಗೆ ಪುಣ್ಯ ಬರಲಿ. ನಿಮ್ಮದರಲ್ಲಿ ಅದಲುಬದಲು ಮಾಡಿದಾಗ ಏನಾಯ್ತು ಅಂತ ಎಲ್ಲೂ ಬರೆದಿಲ್ಲವಲ್ಲ?"

ಬರೆದಿರಲಿಲ್ಲ. ಏಕೆಂದರೆ ಮಾಡಿರಲಿಲ್ಲ. ಎಂಟು ತಿಂಗಳು! ಊರಿಗೆಲ್ಲ ಉಪದೇಶ ಹೇಳಿದವನು, ಹತ್ತು ನಿಮಿಷದ ಕೆಲಸ, ತಾನು ಮಾಡಿರಲಿಲ್ಲ. ಮರೆತಿದ್ದ ಎಂದು ಹೇಳಿ ಅವನ ಮಾನ ಉಳಿಸಬಹುದಿತ್ತು, ಆದರೆ ಸುಳ್ಳೇಕೆ? ಮರೆತಿರಲಿಲ್ಲ. ಎಷ್ಟೋ ದಿನ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ಪೆಟ್ಟಿಗೆಯ ಹಿಂದೆ ಬಗ್ಗಿ, ಸೊಂಟ ನೋವೆಂದು ನೆಪ ಹೇಳಿಕೊಂಡು ಎದ್ದಿದ್ದ. ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಅಂದು ಬಗ್ಗಿದ. ತಂತಿ ಅದಲುಬದಲು ಮಾಡಿದ. ರಿಸೀವರಿನಲ್ಲಿ ಪರೀಕ್ಷೆಯ ಸದ್ದೊಂದಿದೆ, ಒಂದೊಂದೇ ಸ್ಪೀಕರಿನಿಂದ ಸರದಿಯಂತೆ 'ಶ್ಶ್' ಎನ್ನುತ್ತ ಕೋಣೆ ಸುತ್ತುತ್ತದೆ. ಅದನ್ನು ಹಾಕಿ ಹದಿನಾಲ್ಕರಲ್ಲಿ ಕೂತ. ಬಲಗೋಡೆ, ಶ್ಶ್. ಎಡಗೋಡೆ, ಮೆಲ್ಲಗೆ ಏನೋ ಉಸಿರು. ಕಾಯಿಲೆ ಆಚೆಗೆ ಹೋಗಲಿಲ್ಲ. ಅಂದರೆ ಪೆಟ್ಟಿಗೆ ನಿರಪರಾಧಿ. ಸರಿ, ಸ್ಪೀಕರ್ ಇರಬಹುದು. ಸ್ಟೂಲು ಹಾಕಿ, ಎರಡೂ ಗೋಡೆಯ ಸ್ಪೀಕರ್ ತಂತಿ ಸಮೇತ ಇಳಿಸಿ, ಇದನ್ನು ಅಲ್ಲಿಗೆ ಅದನ್ನು ಇಲ್ಲಿಗೆ ತಗುಲಿಸುವಷ್ಟರಲ್ಲಿ ಅಂಗಿ ಬೆವರಿಗೆ ಒದ್ದೆಯಾಯಿತು. ಮತ್ತೆ ಕೂತ. ಬಲಗೋಡೆ, ಶ್ಶ್. ಎಡಗೋಡೆ, ಅದೇ ಉಸಿರು.

ಪೆಟ್ಟಿಗೆಯಲ್ಲ, ತಂತಿಯಲ್ಲ, ಸ್ಪೀಕರಲ್ಲ. ಅದಲುಬದಲು ಮಾಡದೆ ಉಳಿದದ್ದು ಕೋಣೆಯಲ್ಲಿ ಇನ್ನೊಂದೇ ಇತ್ತು.

ಜೋಡಿ ಸೀಟನ್ನು ಒಬ್ಬನೇ ತಿರುಗಿಸಲು ಆಗುವುದಿಲ್ಲ. ಅರವತ್ತೆರಡು ವರ್ಷದ ಆ ಮನುಷ್ಯ ಹದಿನಾಲ್ಕನೇ ಸೀಟಿನ ಮೇಲೆ ಮಂಡಿಯೂರಿ, ಬಸ್ಸಿನಲ್ಲಿ ಹಿಂದೆ ತಿರುಗಿ ಕೂರುವ ಮಕ್ಕಳ ಹಾಗೆ ಟೀವಿಗೆ ಬೆನ್ನು ಹಾಕಿ, ಒರಗುವ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದ. ಸದ್ದು ಸುತ್ತಿ ಬಂತು. ಎಂಟು ತಿಂಗಳಿಂದ ಸತ್ತು ಬಿದ್ದಿದ್ದ ಎಡಗೋಡೆ ಬಲಗಿವಿಯಲ್ಲಿ ಸ್ಪಷ್ಟವಾಗಿ, ಜೋರಾಗಿ, ಶ್ಶ್ ಎಂದಿತು. ಬಲಗೋಡೆ ಸೊರಗಿತ್ತು.

ಮಂಡಿ ನೋಯುವವರೆಗೆ ಹಾಗೇ ಇದ್ದ. ಸದ್ದು ಏಳೆಂಟು ಸಲ ಸುತ್ತಿತು. ಒಂದು ಸಲವೂ ಬೇರೆ ಉತ್ತರ ಕೊಡಲಿಲ್ಲ. ಅವನಿಗೆ ಅಳು ಬಂತು, ಅತ್ತ. ಕಿವಿ ಹೋಯಿತೆಂದು ಮಾತ್ರವಲ್ಲ. ಮನೆಯಲ್ಲಿ ಇನ್ನೊಬ್ಬರು, ಯಾರಾದರೂ ಸರಿ, ಜಗಳಗಂಟಿಯಾದರೂ ಸರಿ, ಇದ್ದಿದ್ದರೆ ಮೊದಲ ದಿನವೇ "ನನಗೆ ಕೇಳಿಸ್ತಿದೆಯಲ್ಲ, ನಿಮಗೇನಾಗಿದೆ?" ಎನ್ನುತ್ತಿದ್ದರು. ಎಂಟು ತಿಂಗಳಲ್ಲಿ ಅಷ್ಟು ಹೇಳುವವರು ಒಬ್ಬರೂ ಇರಲಿಲ್ಲ. ಹೇಳಿದವನೊಬ್ಬನನ್ನು ಗೋದಾಮಿಗೆ ಕಳಿಸಿದ್ದಾಯಿತು.

ಕಿವಿ ಡಾಕ್ಟರ್ ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿ ಎಂದರು. ಬಲಗಿವಿಗೆ ಎತ್ತಿದ. ಎಡದ ಸರದಿಯಲ್ಲಿ ಬೆರಳು ಮಂಡಿಯ ಮೇಲೆ ಸುಮ್ಮನೆ ಕೂತಿತ್ತು. ಏನು ಕೆಲಸ ಮಾಡ್ತಿದ್ರಿ ಎಂದು ಕೇಳಿದರು. ಎರಡು ಯಂತ್ರಗಳ ನಡುವೆ ನಿಲ್ಲುತ್ತಿದ್ದೆ, ಎಡದ್ದು ಹಳೆಯದು, ವಿಪರೀತ ಗಡಗಡ ಎಂದ. ಅವರು ತಲೆಯಾಡಿಸಿ ಬರೆದುಕೊಂಡರು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಜೋಪಾನ ಮಾಡ್ಕೊಳ್ಳಿ."

ಈಗ ಅಭಿಪ್ರಾಯದ ಪ್ರಶ್ನೆ. ನೋಡಿ, ವಿಧಿ ಎಂಥ ಆಸೆ ತೋರಿಸುತ್ತದೆ! ಅದೇ ವಾರ ರಿಸೀವರಿಗೆ ಕಂಪನಿಯಿಂದ ಹೊಸ ಅಪ್‌ಡೇಟ್ ಬಂತು, ರಿಮೋಟಿನ ಏನೋ ಸಣ್ಣ ವಿಷಯಕ್ಕೆ. ಹಾಕಿಕೊಂಡದ್ದೇ ಬೇಸ್ ಭಕ್ತನ ಎಡಗಡೆ ಸರಿಹೋಯಿತು. ಮೂರನೇ ಮಹಡಿಯದೂ ಸರಿಹೋಯಿತು. "ಅಣ್ಣನ ಏಟಿಗೆ ಕಂಪನಿಯೇ ಬಗ್ಗಿತು! ನಿಮ್ಮದೂ ಸರಿಯಾಯ್ತಾ ಅಣ್ಣ?" ಎಂದು ಕೇಳಿದರು ಹಲ್ಲಿನ ಡಾಕ್ಟರು. ಹೌದು ಎಂದರೆ ಮುಗಿಯಿತು. ಐದು ಸ್ಟಾರ್ ವಾಪಸ್, ಹೆಸರು ಇದ್ದಂತೆಯೇ, ನಾಳೆ ಬೆಳಿಗ್ಗೆ ಹೊಸ ಪ್ರಶ್ನೆಗಳು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮೂರು ದಿನ ಆ 'ಹೌದು' ಅವನ ಬೆರಳ ತುದಿಯಲ್ಲಿ ಕೂತಿತ್ತು. ಟೀ ಮಾಡಿಕೊಂಡು ಕುಡಿಯದೆ ಆರಲು ಬಿಟ್ಟ. ಕಿವಿಯಣ್ಣ ಎಂಬ ಹೆಸರು ಬಿಟ್ಟರೆ ತಾನು ಯಾರು? ಹಳೆಯ ಜೋಡಿ ಸೀಟಿನ ಅರ್ಧದಲ್ಲಿ ಕೂತ ಒಬ್ಬ ಮುದುಕ. ನಿಜ ಬರೆದರೆ ಆ ಪುಟದಲ್ಲಿ ಇನ್ನು ಯಾರೂ ತನ್ನನ್ನು ಏನೂ ಕೇಳುವುದಿಲ್ಲ. ಅದು ಅವನಿಗೆ ಬೆಳಕಿನಷ್ಟು ಸ್ಪಷ್ಟವಿತ್ತು, ಹೆದರಿಕೆಯೂ ಆಯಿತು. ಆದರೆ ಕಣ್ಣು ಮುಚ್ಚಿದರೆ 'ಆಯ್ತು ಸಾರ್' ಎಂಬ ಮಾತು ಬಲಗಿವಿಯಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಕೂತು ಬರೆದ, ಒಂದೇ ಬೆರಳಲ್ಲಿ, ತಪ್ಪಾದಲ್ಲಿ ಅಳಿಸುತ್ತ:

"ಐದು ಸ್ಟಾರ್. ರಿಸೀವರಿನಲ್ಲಿ ಯಾವ ದೋಷವೂ ಇಲ್ಲ, ಇರಲೂ ಇಲ್ಲ. ಅಪ್‌ಡೇಟಿನಿಂದ ಸರಿಯಾದದ್ದೂ ಇಲ್ಲ. ಎಂಟು ತಿಂಗಳು ತಡವಾಗಿ ಅದಲುಬದಲು ಮಾಡಿ ನೋಡಿದೆ. ಕೆಟ್ಟಿರುವುದು ನನ್ನ ಎಡಗಿವಿ. ಡಾಕ್ಟರ್ ಕಾಗದ ಕೊಟ್ಟಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗೇ ಹೇಳಿ ಮಾಡಿಸಿದ್ದು. ಮೂರು ಸಲ ಬಂದ ರಿಪೇರಿಯವರ ಕಿವಿ ನನ್ನದಕ್ಕಿಂತ ಚೆನ್ನಾಗಿದೆ. ಅವರು ಸರಿಯಾಗಿ ಹೇಳಿದ್ದರು, ನಾನು ಅವರಿಗೆ ಕೂರಲು ಕೂಡ ಹೇಳಲಿಲ್ಲ. ಅವರ ಬಗ್ಗೆ ಬರೆದದ್ದಕ್ಕೆ ಕೈ ಮುಗಿದು ಕ್ಷಮೆ ಕೇಳುತ್ತೇನೆ. ಅಂಗಡಿಯವರು ಇದನ್ನೂ ಪ್ರಿಂಟ್ ತೆಗೆದು ಅದೇ ಗೋಡೆಗೆ ಅಂಟಿಸಬೇಕು."

ಕಳಿಸಿ, ಕಂಪ್ಯೂಟರ್ ಮುಚ್ಚಿ, ಅಂಗಡಿಗೇ ಹೋಗಿ ಅದನ್ನೇ ಬಾಯಲ್ಲೂ ಹೇಳಿದ. ನೋಡ್ತೀವಿ ಸಾರ್ ಎಂದರು.

ಮಾರನೇ ದಿನ ಬೇಸ್ ಭಕ್ತ ಕೇಳಿದ್ದ: "ಹಾಗಾದರೆ ನನ್ನ ಎಡಗಡೆ?" ಮೂರನೇ ಮಹಡಿಯವನು ತನ್ನ ಹಳೆಯ ಮಾತನ್ನು ಸದ್ದಿಲ್ಲದೆ ಅಳಿಸಿಹಾಕಿದ್ದ. ಯಾರೋ ಗುರುತಿಲ್ಲದವನು, "ಕಿವುಡಣ್ಣನಿಗೆ ಜೈ" ಎಂದು ಬರೆದಿದ್ದ. ನರ್ಸಮ್ಮ ಮಾತ್ರ, "ಬಿಸಿಲಲ್ಲಿ ಓಡಾಡಬೇಡಿ, ಡಾಕ್ಟರ್ ಕೊಟ್ಟದ್ದು ತಪ್ಪಿಸಬೇಡಿ ಅಣ್ಣ" ಎಂದಿದ್ದಳು. ಬಿಸಿಲಿಗೂ ಕಿವಿಗೂ ಏನು ಸಂಬಂಧವೋ, ಓದಿ ಕಣ್ಣು ತುಂಬಿತು. ಅದರ ಮಾರನೇ ದಿನ ಏನೂ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಸೋಫಾ ಎಲ್ಲಿಡಲಿ ಎಂದು ಒಬ್ಬ ಕೇಳಿದ್ದ ನಿಜ, ಆದರೆ ಕೇಳಿದ್ದು ಹಲ್ಲಿನ ಡಾಕ್ಟರನ್ನು.

ರಿಪೇರಿಯವನಿಂದ ಒಂದು ಸಾಲಿನ ಮೆಸೇಜ್ ಬಂತು. "ಸೋಮವಾರದಿಂದ ಮತ್ತೆ ರಿಪೇರಿ ಸಾರ್. ಥ್ಯಾಂಕ್ಸ್." ಅದನ್ನು ನಾಲ್ಕು ಸಲ ಓದಿದ. ಬನ್ನಿ, ಒಂದು ಟೀ ಕುಡಿದು ಹೋಗಿ ಎಂದು ಬರೆಯಲು ಹೋಗಿ, ಯಾವ ಮುಖ ಇಟ್ಟುಕೊಂಡು ಎಂದು ಅಳಿಸಿದ.

ಭಾನುವಾರ ಬಂತು. ಗಡಿಯಾರ ನಾಲ್ಕು ದಾಟಿತು, ಫೋನ್ ಸುಮ್ಮನಿತ್ತು. ಐದು ನಿಮಿಷ ನೋಡಿದ, ತಾನೇ ಮಾಡಿದ. ಎಡಗೈ ಅಭ್ಯಾಸದಂತೆ ಫೋನನ್ನು ಎಡಗಿವಿಗೆ ಒಯ್ದಿತು. ಮೂವತ್ತೊಂದು ವರ್ಷ ಬಲಗೈ ಯಂತ್ರದ ಫೋಕಸ್ ತಿರುಪಿನ ಮೇಲೆ, ಎಡಗೈಯಲ್ಲಿ ಮ್ಯಾನೇಜರನ ಫೋನು. ತಂಗಿಯ ಜೊತೆ ಇಷ್ಟು ವರ್ಷ ಮಾತಾಡಿದ್ದೂ ಅದೇ ಕಿವಿಯಲ್ಲಿ. ಈಗ ಕೈ ಬದಲಿಸಿದ.

"ಹಲೋ! ಅಣ್ಣಾ! ಕೇಳಿಸ್ತಿದೆಯಾ!" ಅವಳು ಕೂಗಿದ ರಭಸಕ್ಕೆ ಬೆಚ್ಚಿಬಿದ್ದ.

"ಕೂಗಬೇಡ ಕಣೇ. ಕೇಳಿಸ್ತಾ ಇದೆ."

"ಹೊಸ ಫೋನ್ ತಗೊಂಡ್ಯಾ?"

"ಇಲ್ಲ. ನಿನ್ನ ಫೋನ್ ಕೆಟ್ಟಿರಲಿಲ್ಲ, ಹಳೇದೂ ಕೆಟ್ಟಿರಲಿಲ್ಲ. ನನ್ನ ಎಡಗಿವಿ ಹೋಗಿದೆ. ನನಗೇ ಗೊತ್ತಾಗಲಿಲ್ಲ. ನೀನು ಹೇಳಿದ್ದು ಎಷ್ಟೋ ತಿಂಗಳಿಂದ ನನಗೆ ಕೇಳಿಸ್ತಾನೇ ಇರಲಿಲ್ಲ."

ಈಗ ಎಲ್ಲವೂ ಕೇಳಿಸುತ್ತಿತ್ತು, ಅವಳು ಮೂಗೆಳೆದುಕೊಂಡದ್ದೂ ಕೇಳಿಸಿತು.

"ಹಾಗಾದ್ರೆ ಅವತ್ತು ನಾನು ಅಂಗಡಿ ಮುಚ್ಚಿದೆ ಅಂದಿದ್ದು?"

"ಅಂಗಡಿ ಮುಚ್ಚಿದ್ಯಾ?"

"ಮಳಿಗೆ ಮಾಲೀಕರು ಖಾಲಿ ಮಾಡಿಸಿದ್ರು. ಇಪ್ಪತ್ತೆರಡು ವರ್ಷದ ಅಂಗಡಿ ಅಣ್ಣ. ಅತ್ಕೊಂಡು ಹೇಳಿದೆ. ಮನೇಲಿ ಒಬ್ಬಳೇ ಇರೋಕಾಗ್ತಿಲ್ಲ, ನಾಲ್ಕು ದಿನ ನಿನ್ನ ಹತ್ರ ಬಂದಿರ್ಲಾ ಅಂತ ಕೇಳ್ದೆ. ಬ್ಯಾಗಿಗೆ ಬಟ್ಟೆ ತುಂಬಿಟ್ಟೇ ಫೋನ್ ಮಾಡಿದ್ದೆ. ನೀನು, ಒಳ್ಳೇದಾಯ್ತು ಬಿಡು, ಸಂತೋಷ ಅಂದೆ. ಇಡ್ಲಾ, ಸಿನಿಮಾ ಇದೆ ಅಂದೆ." ಅವಳ ದನಿ ಮೆಲ್ಲಗಾಯಿತು. "ಫೋನ್ ಸರಿಯಿಲ್ಲ ಅಂತ ನೀನು ಹೇಳೋದೆಲ್ಲ, ನನ್ನ ಮಾತು ಬೇಡ ಅನ್ನೋಕೆ ನೆಪ ಅಂದ್ಕೊಂಡೆ. ಅದಕ್ಕೇ ನಿಲ್ಲಿಸಿದೆ."

ಕಿವಿಯಣ್ಣ ರಿಸೀವರಿಗೆ ಕೊಟ್ಟ ಎರಡು ಸ್ಟಾರನ್ನು ಅಳಿಸಿ ಐದು ಮಾಡಿದ್ದ, ರಿಪೇರಿಯವನ ಕೆಲಸ ವಾಪಸ್ ಕೊಡಿಸಿದ್ದ. ಈ ಬ್ಯಾಗನ್ನು ಏನು ಮಾಡುವುದು? ತುಂಬಿದ ಬ್ಯಾಗಿನ ಪಕ್ಕ ಅವಳು ಫೋನ್ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು.

"ಈಗ ಬಾ" ಎಂದ. "ನಾಳೆನೇ ಬಾ. ನಾನೇ ಬಸ್‌ಸ್ಟ್ಯಾಂಡಿಗೆ ಬರ್ತೀನಿ."

"ಬಟ್ಟೆ ಎಲ್ಲ ವಾಪಸ್ ಬೀರುವಿಗೆ ಇಟ್ಟೆ ಅಣ್ಣ. ಈಗ ಮನೇಲೇ ಒಂದಿಷ್ಟು ಹೊಲಿಗೆ ಹಿಡಿದಿದ್ದೀನಿ. ನೋಡೋಣ."

ಆ 'ನೋಡೋಣ'ವನ್ನು ಅವನು ತಪ್ಪಿಲ್ಲದೆ ಕೇಳಿಸಿಕೊಂಡ. ಅದರಲ್ಲಿ ಕೋಪವಿರಲಿಲ್ಲ, ಹೊರಡುವ ಮನಸ್ಸೂ ಇರಲಿಲ್ಲ.

"ಸರಿ, ನಿನಗೆ ಯಾವಾಗ ಅನ್ನಿಸುತ್ತೋ ಆವಾಗ" ಎಂದ. "ಅವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀಯಾ? ಮೊದಲಿಂದ ಹೇಳು. ಏನೂ ಬಿಡಬೇಡ."

"ಸಿನಿಮಾ ಇಲ್ವಾ?"

"ಇಲ್ಲ."

ಅವಳು, ಮಳಿಗೆಯವರು ಬೆಳಿಗ್ಗೆ ಅಂಗಡಿಗೆ ಬಂದದ್ದರಿಂದ ಶುರು ಮಾಡಿದಳು. ಕಿವಿಯಣ್ಣ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು, ಹದಿನಾಲ್ಕನೇ ಸೀಟಿನಲ್ಲಿ ಮುಂದಕ್ಕೆ ಬಗ್ಗಿ, ಒಂದು ಮಾತೂ ಆಡದೆ ಕೇಳಿಸಿಕೊಳ್ಳುತ್ತ ಕೂತ.